ಹದಿನೇಳನೇ ಖಾನೆ

ಅನಂತಪದ್ಮನಾಭ ನನ್ನ ಹೆಸರನ್ನು ನುಂಗಿದ್ದು ೧೯೮೪ರ ಅಕ್ಟೋಬರಿನಲ್ಲಿ, ತುಂಬಿದ ತರಗತಿಯ ಎದುರು. ನುಂಗಿದ ಮೇಲೆ ನೀರು ಕೂಡ ಕುಡಿಯಲಿಲ್ಲ.

ಅದಕ್ಕೆ ಒಂದು ವಾರ ಮೊದಲು ಕಾರ್ಕಳದಿಂದ ಮಣಿಪಾಲಕ್ಕೆ ಹೋಗುವ ಬಸ್ಸಿನಲ್ಲಿ ನಾವಿಬ್ಬರೂ ಒಂದೇ ಸೀಟಿನಲ್ಲಿದ್ದೆವು. ನಾನು ಕುಕ್ಕುಂದೂರಿನಲ್ಲಿ ಹತ್ತಿದ್ದೆ. ಪೆರ್ಡೂರಿನ ಅವನು ಹಿರಿಯಡ್ಕದಲ್ಲಿ ಹತ್ತಿದ್ದ. ಗುಡ್ಡದ ಮೇಲಿನ ಕಾಲೇಜಿನಲ್ಲಿ ಇಬ್ಬರದ್ದೂ ಕಂಪ್ಯೂಟರ್ ಎಂ.ಟೆಕ್. ಕೊನೆಯ ವರ್ಷ.

"ಒಂದರ ಹಿಂದೆ ಒಂದು ಪೋಣಿಸಿದ ಹೆಸರುಗಳ ಸರಪಳಿಯಲ್ಲಿ ಒಂದು ಹೆಸರು ಹುಡುಕುತ್ತೀ ಅಂತ ಇಟ್ಟುಕೋ. ಸಿಕ್ಕಿದ ಕೂಡಲೇ ಅದನ್ನು ಎಲ್ಲರಿಗಿಂತ ಮುಂದೆ ತಂದು ಇಡು," ಎಂದೆ. "ಒಮ್ಮೆ ಬೇಕಾದವರು ಮತ್ತೆ ಬೇಕಾಗುತ್ತಾರೆ." ಒಟ್ಟು ಎಷ್ಟು ಶ್ರಮ ಉಳಿಯುತ್ತದೆಂದು ಟಿಕೆಟ್ಟಿನ ಬೆನ್ನಿಗೆ ಬರೆದು ತೋರಿಸಿದೆ.

ಅವನು ಟಿಕೆಟ್ಟು ನೋಡಲಿಲ್ಲ.

"ಎಂತ ನೋಡುತ್ತೀ?"

"ಲೆಕ್ಕ."

"ಲೆಕ್ಕ ಟಿಕೆಟ್ಟಿನಲ್ಲಿ ಉಂಟು. ನನ್ನ ಬಳೆಯಲ್ಲಿ ಅಲ್ಲ."

ಅವನ ಕಿವಿ ಕೆಂಪಾಯಿತು. ಆ ಕಿವಿ ಎಷ್ಟು ಚೆಂದ ಅಂದುಕೊಂಡೆ ನೋಡಿ, ಅಷ್ಟು ಪೆದ್ದಿ ನಾನು.

ಸೆಮಿನಾರಿನಲ್ಲಿ ಅವನು ಅದೇ ಉಪಾಯವನ್ನು ಬೋರ್ಡಿನ ಮೇಲೆ ಬರೆದ. ಜನಾರ್ದನ ಸರ್ ಕನ್ನಡಕ ತೆಗೆದು ಕೇಳಿದರು: "ಭಲೇ! ಇದು ಯಾರಿಗೆ ಹೊಳೆದದ್ದು?"

ಅವನು ಒಮ್ಮೆ ನನ್ನ ಕಡೆ ನೋಡಿದ. ಆಮೇಲೆ ಸೀಮೆಸುಣ್ಣ ನೋಡಿದ.

"ನನಗೇ ಸರ್."

ಅದೇ ಉಪಾಯ ಬೇರೆ ದೇಶದಲ್ಲೂ ಯಾರಿಗೋ ಹೊಳೆದಿತ್ತೆಂದು ಮುಂದೆ ತಿಳಿಯಿತು. ಇರಲಿ, ನಮ್ಮ ಗುಡ್ಡದ ಮೇಲೆ ಅದು ನನ್ನದು. ಮುಂದಿನ ಜೂನ್‌ಗೆ ವಿಭಾಗದಲ್ಲಿ ಒಂದೇ ಒಂದು ಲೆಕ್ಚರರ್ ಹುದ್ದೆ ಇತ್ತು. ಸರ್ ಯಾರ ಹೆಸರು ಬರೆದು ಕೊಡುತ್ತಾರೋ ಅವರಿಗೆ. ನನಗೆ ಅದು ಸಿಗದಿದ್ದರೆ ಈಸ್ಟರ್ ಕಳೆದ ಮೇಲೆ ಕುವೈತಿನ ಓಸ್ವಾಲ್ಡ್ ಜೊತೆ ಮದುವೆ ಎಂದು ಅಮ್ಮ ಅಪೊಲೋನಿಯಾ ನಿಶ್ಚಯಿಸಿಯಾಗಿತ್ತು. ಓಸ್ವಾಲ್ಡ್‌ನ ಫೋಟೋದಲ್ಲಿ ಅವನಿಗಿಂತ ಅವನ ಕಾರು ದೊಡ್ಡದಾಗಿತ್ತು.

ಆ ದಿನ ನಾನು ಅಳಲಿಲ್ಲ. ಇವನನ್ನು ಬಿಡುವುದಿಲ್ಲ ಎಂದಷ್ಟೇ ತೀರ್ಮಾನಿಸಿದೆ.

ಅವಕಾಶ ಮಾರ್ಚ್‌ನಲ್ಲಿ ಬಂತು. ನಮ್ಮ ಪ್ರೋಗ್ರಾಂಗಳ ಪರೀಕ್ಷೆಗೆ ಸರ್ ಅವರದ್ದೇ ಒಂದು ಪದ್ಧತಿ ಇತ್ತು. ಪ್ರತಿಯೊಬ್ಬರಿಗೂ ಪ್ರೋಗ್ರಾಂ ಸೋಲಿಸಲು ಒಬ್ಬ ಎದುರಾಳಿ, ಒಂದೊಂದು ಕಾರ್ಡಿನಲ್ಲಿ ಒಂದೊಂದು ಹೆಸರು. ಮೊದಲ ಕಾರ್ಡು ಪ್ರೋಗ್ರಾಂ ಬರೆದವರದು, ಯಾವ ಹೆಸರಾದರೂ ಸರಿ. ಉಳಿದ ಕಾರ್ಡುಗಳೆಲ್ಲ ಎದುರಾಳಿಯವು.

"ಎದುರಾಳಿ ಎಂದರೆ ನಿಮ್ಮನ್ನು ನಿಮಗಿಂತ ಚೆನ್ನಾಗಿ ಬಲ್ಲವರು," ಎಂದರು ಸರ್. "ಅನಂತನಿಗೆ ಯಾರು?"

"ನಾನು," ಎಂದು ಎದ್ದು ನಿಂತೆ.

ಅವನು ಬರೆದದ್ದು ಹ್ಯಾಶ್ ಟೇಬಲ್. ಪೋಸ್ಟ್ ಆಫೀಸಿನಲ್ಲಿ ಕಾಗದ ವಿಂಗಡಿಸುವ ಖಾನೆಗಳಿರುತ್ತವಲ್ಲ, ಹಾಗೆ. ಹೆಸರಿನ ಮೊದಲ ಎಂಟು ಇಂಗ್ಲಿಷ್ ಅಕ್ಷರ ತೆಗೆದುಕೊಂಡು, ಎ ಗೆ ಒಂದು, ಬಿ ಗೆ ಎರಡು ಎಂದು ಕೂಡಿಸಿ, ಇಪ್ಪತ್ತೊಂಬತ್ತರಿಂದ ಭಾಗಿಸಿದರೆ ಉಳಿದ ಶೇಷವೇ ಖಾನೆಯ ನಂಬರು. ಒಂದೇ ಖಾನೆಗೆ ಬಿದ್ದವರೆಲ್ಲ ಒಂದು ಸರಪಳಿ. ಹೊಸಬರು ಸರಪಳಿಯ ಮುಂದೆ ಸೇರುತ್ತಾರೆ, ಹುಡುಕಿ ಸಿಕ್ಕವರೂ ನನ್ನ ಉಪಾಯದಂತೆ ಮುಂದೆ ಬರುತ್ತಾರೆ.

"ಇಪ್ಪತ್ತೊಂಬತ್ತೇ ಯಾಕೆ?" ಎಂದು ಕೇಳಿದೆ.

"ಅವಿಭಾಜ್ಯ ಸಂಖ್ಯೆ, ಅಲ್ವಾ?"

"ಮೂವತ್ತೊಂದು ಕೂಡ ಅವಿಭಾಜ್ಯವೇ. ಖಾನೆ ಎರಡು ಜಾಸ್ತಿ ಸಿಗುತ್ತದೆ."

"ಮೂವತ್ತೊಂದು ನನಗೆ ಆಗುವುದಿಲ್ಲ." ಮತ್ತೆ ಆ ಕಿವಿ ಕೆಂಪಾಯಿತು. ಸೊಕ್ಕು ಅಂದುಕೊಂಡೆ.

ಎಂಟೇ ಅಕ್ಷರ! ಪೆರ್ಡೂರಿನಲ್ಲಿ ಹುಟ್ಟಿದವನು ಮಾಡುವ ತಪ್ಪೇ ಇದು? ಆ ಊರಿನ ದೇವರು ಅನಂತಪದ್ಮನಾಭ. ಮನೆಗೊಬ್ಬ ಹುಡುಗನಿಗೆ ಅದೇ ಹೆಸರು. ಮೊದಲ ಎಂಟು ಅಕ್ಷರ ಎಲ್ಲರದ್ದೂ ಒಂದೇ, ಹಾಗಾಗಿ ಖಾನೆಯೂ ಒಂದೇ, ಹದಿನೇಳನೆಯದು.

ಶನಿವಾರ ಪೆರ್ಡೂರಿಗೆ ಹೋಗಿ ಪೋಸ್ಟ್‌ಮ್ಯಾನ್ ಮುದ್ದಣ್ಣನನ್ನು ಹಿಡಿದೆ.

"ಅನಂತಪದ್ಮನಾಭರ ಪಟ್ಟಿಯಾ? ಎಂತಕ್ಕೆ ಮಾರಾಯ್ತಿ? ಸಂಬಂಧ ನೋಡಲಿಕ್ಕಾ?"

"ಅಲ್ಲ. ಸೇಡು ತೀರಿಸಲಿಕ್ಕೆ."

ಅವನು ಹೊಟ್ಟೆ ಹಿಡಿದು ನಕ್ಕ. ಆಮೇಲೆ ಕೊಟ್ಟಿಗೆಯಿಂದ ದನ ಬಿಟ್ಟ ಹಾಗೆ ಹೆಸರುಗಳನ್ನು ಒಂದೊಂದಾಗಿ ಹೊರಗೆ ಬಿಟ್ಟ. ಮೇಲ್ಮನೆಯ ಅನಂತಪದ್ಮನಾಭ, ಕೆಳಮನೆಯವ, ಬಾವಿಕಟ್ಟೆಯವ, ಹೋಟೆಲಿನವ. ಸತ್ತವರನ್ನೂ ಸೇರಿಸಿ ನಲವತ್ತು.

"ಮಣಿಪಾಲದಲ್ಲಿ ಓದುವವ ಉಂಟಲ್ಲ, ಪಾಪ," ಎಂದ ಮುದ್ದಣ್ಣ. "ಎಸ್ಸೆಸ್ಸೆಲ್ಸಿಯಲ್ಲಿ ಫಸ್ಟ್ ಬಂದದ್ದು ಅವನು, ಪೇಪರಿನಲ್ಲಿ ಫೋಟೋ ಬಂದದ್ದು ಬಾವಿಕಟ್ಟೆಯವನದ್ದು. ಎರಡು ದಿನ ಊಟ ಬಿಟ್ಟಿದ್ದ."

ನನ್ನ ಸಿಟ್ಟು ಇಮ್ಮಡಿಯಾಯಿತು. ಹೆಸರು ಕಳೆದುಕೊಂಡರೆ ಹೇಗಿರುತ್ತದೆಂದು ಇವನಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನದನ್ನು ತೆಗೆದುಕೊಂಡ.

ಪರೀಕ್ಷೆಯ ದಿನ ನನ್ನ ನಲವತ್ತು ಕಾರ್ಡುಗಳನ್ನು ಯಂತ್ರಕ್ಕೆ ಕೊಟ್ಟೆ. ಆಮೇಲೆ ಕೊಟ್ಟ ಕ್ರಮದಲ್ಲೇ ಒಬ್ಬೊಬ್ಬರನ್ನಾಗಿ ಹುಡುಕಿಸಿದೆ. ಸಿಕ್ಕವನನ್ನು ಮುಂದೆ ತಂದಂತೆಲ್ಲ ಮುಂದಿನ ಸಲ ಬೇಕಾದವನು ಹಿಂದಿನ ತುದಿಗೇ ಬೀಳುತ್ತಾನೆ. ಪ್ರತಿ ಹುಡುಕಾಟಕ್ಕೂ ನಲವತ್ತು ಹೋಲಿಕೆ. ಪ್ರಿಂಟರ್ ಕೊನೆಗೆ ಒಟ್ಟು ತೋರಿಸಿತು: ಸಾವಿರದ ಆರುನೂರು. ಸರಿಯಾಗಿ ಹಂಚಿದ್ದರೆ ನೂರರ ಆಸುಪಾಸಿನಲ್ಲಿ ಮುಗಿಯುತ್ತಿತ್ತು. ನನಗೆ ಖುಷಿಯೋ ಖುಷಿ.

"ಇದಕ್ಕಿಂತ ಕೆಟ್ಟದಾಗಿ ಸೋಲಲು ಸಾಧ್ಯವೇ ಇಲ್ಲ," ಎಂದರು ಸರ್. "ಹೇಗೆ ಕಂಡುಹಿಡಿದೆ, ಲೊರ್ನಾ?"

"ಮುಂದೆ ತರುವ ಉಪಾಯ ಎಲ್ಲಿ ಮುರಿಯುತ್ತದೆ ಎಂದು ಅದನ್ನು ಹೆತ್ತವಳಿಗೆ ಗೊತ್ತಿರುತ್ತದೆ, ಸರ್."

ಅನಂತ ಎದ್ದ.

"ಅದು ಅವಳದ್ದು ಸರ್. ಅಕ್ಟೋಬರಿನಲ್ಲೇ ಹೇಳಬೇಕಿತ್ತು. ನೀವು ಭಲೇ ಅಂದಿರಿ, ನನಗೆ ಆಸೆಯಾಯಿತು. ಆಮೇಲೆ ಹೇಳಲಿಕ್ಕೆ ಧೈರ್ಯ ಬರಲಿಲ್ಲ."

ಸರ್ ಹದಿನೇಳನೇ ಖಾನೆಯ ಸರಪಳಿ ಅಚ್ಚಾದ ಕಾಗದವನ್ನು ಹರಿದು ನನ್ನ ಕೈಗಿಟ್ಟರು. "ಕಾರ್ಡು ಎಷ್ಟು ಕೊಟ್ಟಿದ್ದೆ?"

"ನಲವತ್ತು."

"ಇಲ್ಲಿ ನಲವತ್ತೊಂದು ಉಂಟು."

ಬೆರಳಿಟ್ಟು ಕೆಳಗಿಳಿದೆ. ನಲವತ್ತು ಅನಂತಪದ್ಮನಾಭರು. ಎಲ್ಲರ ಹಿಂದೆ, ಕಟ್ಟಕಡೆಗೆ, ಅವನ ಮೊದಲ ಕಾರ್ಡು: ಲೊರ್ನಾ ಕುಟಿನ್ಹಾ.

ಪೆನ್ಸಿಲ್ ತೆಗೆದು ಕೂಡಿಸಿದೆ. ನನ್ನ ಎಂಟು ಅಕ್ಷರ ನೂರನಾಲ್ಕು. ಅವನದ್ದು ಎಪ್ಪತ್ತೈದು. ವ್ಯತ್ಯಾಸ ಇಪ್ಪತ್ತೊಂಬತ್ತು. ಇಪ್ಪತ್ತೊಂಬತ್ತರಿಂದ ಭಾಗಿಸಿದರೆ ಮಾತ್ರ ನಾವಿಬ್ಬರೂ ಒಂದೇ ಖಾನೆಗೆ ಬೀಳುತ್ತೇವೆ. ಮೂವತ್ತೊಂದಾಗಿದ್ದರೆ ಬೇರೆ ಬೇರೆ.

ತಲೆ ಎತ್ತಿದೆ. ಅವನ ಎರಡೂ ಕಿವಿ ಕೆಂಪು. ನನಗೆ ಬಂದದ್ದು ಪ್ರೀತಿಯೋ ಸಿಟ್ಟೋ ತಿಳಿಯಲಿಲ್ಲ. ಸಿಟ್ಟೇ ಹೆಚ್ಚು ಇತ್ತು ಅಂತ ಕಾಣುತ್ತದೆ.

ಹುದ್ದೆಗೆ ಸರ್ ನನ್ನ ಹೆಸರು ಬರೆದರು. ಅಮ್ಮ ಓಸ್ವಾಲ್ಡ್‌ನ ಫೋಟೋ ವಾಪಸ್ ಕಳಿಸಿದಳು. ಅದರ ಮರು ಭಾನುವಾರ ಅನಂತ ಕರೆದನೆಂದು ಕಾಪು ಕಡಲ ತೀರಕ್ಕೆ ಹೋದೆ. ಹೋಗಬಾರದಿತ್ತು, ಹೋದೆ.

"ಕ್ಷಮಿಸುತ್ತೀಯಾ?"

"ಇಲ್ಲ."

"ಪ್ರೀತಿ ಉಂಟು, ಲೊರ್ನಾ. ಮೊದಲಿಂದಲೂ."

"ಅದಕ್ಕೇ ನಲವತ್ತು ಜನರ ಹಿಂದೆ ಇಟ್ಟೆಯಾ?"

"ಆ ನಲವತ್ತು ಜನರನ್ನು ತಂದದ್ದು ನೀನು! ಒಮ್ಮೆ ಹುಡುಕಿದ್ದರೆ ನಿನ್ನ ಹೆಸರು ಮುಂದೆ ಬರುತ್ತಿತ್ತು."

"ಹುಡುಕಬೇಕಾದವಳು ನಾನಲ್ಲ," ಎಂದೆ. "ಸರ್ ಕೇಳಿದಾಗ ನೀನು ಒಂದು ಸಲ ನನ್ನ ಹೆಸರು ಹೇಳಿದ್ದರೆ ಸಾಕಿತ್ತು. ಈಗ ಒಂದು ಸಲ ಸಾಲದು. ಇಪ್ಪತ್ತೊಂಬತ್ತು ಸಲ, ಪೂರ್ತಿ ಹೆಸರು, ಈ ಜನ ಎಲ್ಲ ಕೇಳುವ ಹಾಗೆ."

ಬೆನ್ನು ಹಾಕಿ ದೀಪಸ್ತಂಭದ ಕಡೆ ನಡೆದೆ. ಭಾನುವಾರದ ಸಂಜೆ, ಕಡಲೆ ತಿನ್ನುವವರು, ಬಲೆ ಒಣಗಿಸುವವರು, ಎಲ್ಲ ಇದ್ದರು.

"ಲೊರ್ನಾ ಕುಟಿನ್ಹಾ!"

ಜನ ತಿರುಗಿ ನೋಡಿದರು. ನಾನು ನೋಡಲಿಲ್ಲ. ಐದನೆಯದಕ್ಕೆ ಯಾರೋ ನಕ್ಕರು. ಹತ್ತರ ಹೊತ್ತಿಗೆ ಅವನ ಗಂಟಲು ಕಟ್ಟಿತು, ಆದರೂ ನಿಲ್ಲಿಸಲಿಲ್ಲ. ನಾನು ನಡೆಯುತ್ತಾ ಒಂದೊಂದನ್ನೂ ಎಣಿಸುತ್ತಿದ್ದೆ.

ಹದಿನೇಳಕ್ಕೆ ತಿರುಗಿದೆ.

ಉಳಿದ ಹನ್ನೆರಡನ್ನು ನಾನು ಇವತ್ತಿಗೂ ಬಿಟ್ಟುಕೊಟ್ಟಿಲ್ಲ. ಮನೆಯಲ್ಲಿ ಜಗಳವಾದಾಗಲೆಲ್ಲ ಒಂದೊಂದು ಹೇಳಿಸುತ್ತೇನೆ.