ಒದ್ದೆಯಾಗದ ಹಾಸಿಗೆ

"ಹೆಂಗಸರು ಬೇಡ. ಗಂಡಸರು ಯಾರಾದ್ರೂ ಇದ್ರೆ ಕಳಿಸ್ರಿ."

ಇಫ್ತಿಕಾರ್ ಗೋಡೆಯ ಕಡೆ ಮುಖ ಮಾಡಿಕೊಂಡೇ ಹೇಳಿದ. ಬಾಗಿಲಲ್ಲಿ ನಿಂತಿದ್ದ ನರ್ಸ್ ಮೆಹಜಬೀನ್ ಕೈಯಲ್ಲಿದ್ದ ಟ್ರೇ ಕೆಳಗಿಡಲಿಲ್ಲ, ಹಿಂದಕ್ಕೂ ಹೋಗಲಿಲ್ಲ.

"ಈ ಕೆಲಸ ಕಲಿತು ಬಂದಿರೋಳು ಇಲ್ಲಿ ನಾನೊಬ್ಬಳೇ. ಬೇರೆಯವರು ಬೇಕಂದ್ರೆ ಬೆಂಗಳೂರಿಗೆ ಹೋಗ್ಬೇಕು. ಹೋಗ್ತೀರಾ?"

ಅವನು ತಿರುಗಿ ನೋಡಿದ. ಆ ಕಣ್ಣುಗಳಲ್ಲಿ ಸಿಟ್ಟಿಗಿಂತ ನಾಚಿಕೆಯೇ ಹೆಚ್ಚಿತ್ತು... ಅವಳ ಎದೆ ಯಾಕೋ ಝಲ್ಲೆಂದಿತು.

ಅದು ಎರಡು ಸಾವಿರದ ಮೂರನೇ ಇಸವಿ, ಚಳ್ಳಕೆರೆಯ ಒಂದು ಖಾಸಗಿ ಆಸ್ಪತ್ರೆ. ಇಫ್ತಿಕಾರ್ ಮೊಳಕಾಲ್ಮೂರಿನ ಲಾರಿ ಮೆಕ್ಯಾನಿಕ್. ಜಾಕ್ ಜಾರಿ ಲಾರಿ ಬೆನ್ನಿನ ಮೇಲೆ ಕುಸಿದಿತ್ತು. ಕಾಲುಗಳಲ್ಲಿ ಸ್ವಲ್ಪ ಜೀವ ಉಳಿದಿತ್ತು, ಮೂತ್ರದ ಮೇಲಿನ ಹಿಡಿತ ಮಾತ್ರ ಹೋಗಿತ್ತು.

ಅಂಥವರನ್ನು ನೋಡಿಕೊಳ್ಳುವುದಕ್ಕೆಂದೇ ಮೆಹಜಬೀನ್ ಎರಡು ತಿಂಗಳ ತರಬೇತಿ ಮುಗಿಸಿ ಬಂದಿದ್ದಳು. ಹೊರಡುವಾಗ ಜೊತೆಯವರು, ಇದಕ್ಕೂ ಕಲಿಯೋದು ಐತೇನೇ ಎಂದು ನಕ್ಕಿದ್ದರು.

ನಾಲ್ಕು ಗಂಟೆಗೊಮ್ಮೆ ತೆಳುವಾದ ಟ್ಯೂಬನ್ನು ತಾನೇ ಹಾಕಿಕೊಂಡು ಮೂತ್ರ ತೆಗೆಯುವುದನ್ನು ಅವನಿಗೆ ಹೇಳಿಕೊಟ್ಟಳು. ಮೊದಲ ವಾರ ಟ್ಯೂಬು ಮತ್ತೆ ಮತ್ತೆ ಕೈ ಜಾರಿತು. ಮೂರನೇ ವಾರ, ಕಾರ್ಬ್ಯುರೇಟರ್ ಬಿಚ್ಚೋದಕ್ಕಿಂತ ಇದೇ ಸುಲಭ ಎಂದ. ಇಬ್ಬರೂ ನಕ್ಕರು.

ಆ ನಗುವೇ ಅವಳನ್ನು ಹೆದರಿಸಿತು. ಡ್ಯೂಟಿಗೆ ಬರುವ ಮೊದಲು ತಾನು ಎರಡೆರಡು ಸಲ ಕನ್ನಡಿ ನೋಡಿಕೊಳ್ಳುತ್ತಿದ್ದೇನೆ... ರೋಗಿಯನ್ನು ನೋಡಲು ಹೀಗೆ ಕಾಯುವವಳು ಅವನಿಗೆ ನರ್ಸ್ ಆಗಿರಬಹುದೇ?

ಹಿರಿಯ ನರ್ಸ್ ಜಯಕ್ಕನಿಗೆ ಕೆಲಸವೆಲ್ಲ ಕಲಿಸಿ, ಅವನ ಫೈಲನ್ನೂ ಅವರ ಕೈಗೆ ಕೊಟ್ಟುಬಿಟ್ಟಳು. ಅವನಿಗೆ ಕಾರಣ ಹೇಳಲಿಲ್ಲ. ಅವನು ಮನೆಗೆ ಹೊರಟ ದಿನ ಎದುರಿಗೂ ಬರಲಿಲ್ಲ.

ಇಪ್ಪತ್ತು ದಿನ ಕಳೆದ ಮೇಲೆ ಇಫ್ತಿಕಾರನ ತಾಯಿ ಸಕೀನಾ ಬೀ ಸಿಹಿಯ ಡಬ್ಬಿ ಹಿಡಿದು ಆಸ್ಪತ್ರೆಗೆ ಬಂದರು. ಮಗ ಗುಣವಾಗಿದ್ದಾನಂತೆ. ಒಂಬತ್ತು ದಿನಗಳಿಂದ ಹಾಸಿಗೆ ಒಂದು ಸಲವೂ ಒದ್ದೆಯಾಗಿಲ್ಲವಂತೆ.

ಮೆಹಜಬೀನಳ ಕೈ ಸಿಹಿಯ ಮೇಲೆ ಹಾಗೇ ನಿಂತಿತು.

"ನೀರು ಎಷ್ಟು ಕುಡೀತಾರೆ ಅಮ್ಮಿ?"

"ಹಗಲೆಲ್ಲ ಎಲ್ಲಿ ಕುಡೀತಾನಮ್ಮ? ರಂಜಾನಲ್ಲಿ ಬಿಟ್ಟುಹೋಗಿದ್ದ ರೋಜಾ ಎಲ್ಲ ಈಗ ಹಿಡಿತಿದಾನೆ. ಸಂಜೆ ಅರ್ಧ ಲೋಟ ಚಾ ಕುಡೀತಾನೆ, ಅಷ್ಟೇ. ನಿನ್ನೆಯಿಂದ ಒಂಚೂರು ಮೈ ಬೆಚ್ಚಗೈತೆ."

ತಾಯಿ ಅದನ್ನು ಹೆಮ್ಮೆಯಿಂದ ಹೇಳುತ್ತಿದ್ದರು. ಮಗ ಉಪವಾಸವಿದ್ದಾನೆ, ಹಾಸಿಗೆ ಒಣಗಿದೆ... ಯಾವ ತಾಯಿ ಅದರಲ್ಲಿ ಕೆಡುಕನ್ನು ಹುಡುಕುತ್ತಾಳೆ?

ಮೆಹಜಬೀನಳಿಗೆ ಮಾತ್ರ ಗೊತ್ತಿತ್ತು. ನೀರಿಲ್ಲದೆ ಒಣಗಿದ ಮೈಯೊಳಗೆ ನಂಜು ಮೆಲ್ಲಗೆ ಮೇಲೇರಿ ಕಿಡ್ನಿ ಮುಟ್ಟುತ್ತದೆ. ಮುಟ್ಟಿದ ಮೇಲೆ ಹೆಚ್ಚು ದಿನ ಕಾಯುವುದಿಲ್ಲ.

ಇಬ್ಬರೂ ಮೊಳಕಾಲ್ಮೂರಿಗೆ ಸಿಕ್ಕ ಬಸ್ಸು ಹತ್ತಿದರು. ಸಕೀನಾ ಬೀ ದಾರಿಯುದ್ದಕ್ಕೂ ಮಗನ ಮದುವೆಯ ಮಾತಾಡಿದರು. ಮೆಹಜಬೀನ್ ಒಂದೂ ಕೇಳಿಸಿಕೊಳ್ಳಲಿಲ್ಲ. ಯಾ ಅಲ್ಲಾಹ್... ತಡವಾಗದಿರಲಿ.

ಮನೆಯ ಅಂಗಳದ ಹಗ್ಗದ ಮೇಲೆ ಒಂದೂ ಚಾದರ ಇರಲಿಲ್ಲ.

ಒಳಗೆ, ಸುಡುವ ಮಧ್ಯಾಹ್ನದಲ್ಲಿ, ಎರಡು ಕಂಬಳಿ ಹೊದ್ದು ಇಫ್ತಿಕಾರ್ ಗಡಗಡ ನಡುಗುತ್ತಿದ್ದ. ಮಂಚದ ಕೆಳಗಿನ ಬಾಟಲಿಯಲ್ಲಿ ಎರಡು ಬೆರಳಿನಷ್ಟು ಮೂತ್ರ. ಬಣ್ಣ ಕರಿ ಚಹಾದ್ದು. ಅವನು ಅವಳ ಗುರುತು ಹಿಡಿಯಲಿಲ್ಲ.

ಪಕ್ಕದ ಮನೆಯವರ ಟೆಂಪೊದಲ್ಲಿ ಚಳ್ಳಕೆರೆಗೆ ತಂದರು. ಒಂದು ಕಿಡ್ನಿಯ ಮೇಲೆ ಭರವಸೆ ಇಲ್ಲ, ಎರಡು ದಿನ ಕಳೆಯಲಿ ಎಂದರು ಡಾಕ್ಟರು. ಆ ಎರಡು ದಿನ ಜಯಕ್ಕ ಅವನ ಮಗ್ಗುಲಲ್ಲಿದ್ದರು. ಮೆಹಜಬೀನ್ ವಾರ್ಡಿನ ಹೊರಗಿನ ಬೆಂಚಿನ ಮೇಲೆ ಸಕೀನಾ ಬೀಯ ಕೈ ಹಿಡಿದು ಕೂತಿದ್ದಳು.

ಮೂರನೇ ಬೆಳಿಗ್ಗೆ ಜ್ವರ ಇಳಿಯಿತು. ಎರಡೂ ಕಿಡ್ನಿ ಉಳಿದಿದ್ದವು. ಮೆಹಜಬೀನ್ ಯೂನಿಫಾರ್ಮ್ ಬಿಟ್ಟು ಬಣ್ಣದ ಚೂಡಿದಾರದಲ್ಲಿ ಒಳಗೆ ಬಂದು ಸ್ಟೂಲಿನ ಮೇಲೆ ಕೂತಳು.

"ಯಾಕೆ ಹಂಗೆ ಮಾಡಿದ್ರಿ?"

ಅವನು ಮತ್ತೆ ಗೋಡೆಯ ಕಡೆ ಮುಖ ಮಾಡಿದ.

"ನಿಮಗೆ ಅಸಹ್ಯ ಆಯ್ತು, ಅದಕ್ಕೇ ಬಿಟ್ಟುಹೋದ್ರಿ ಅನ್ಕೊಂಡೆ. ಕುಡೀದಿದ್ರೆ ಬರೋದೇ ಇಲ್ಲವಲ್ಲ... ಒಣಗಿರೋ ಮನುಷ್ಯನಾಗಿ ಒಂದು ಸಲ ನಿಮ್ಮ ಮುಂದೆ ಕೂತ್ಕೋಬೇಕು ಅನಿಸ್ತು."

ಮೆಹಜಬೀನ್ ಸ್ಟೂಲನ್ನು ಮಂಚದ ಹತ್ತಿರಕ್ಕೆ ಎಳೆದುಕೊಂಡಳು. ತಾನು ಹೇಳದೆ ನುಂಗಿದ ಒಂದು ಮಾತು ಇವನನ್ನು ಎಲ್ಲಿಗೆ ಒಯ್ದಿತ್ತು...

"ಅಸಹ್ಯ ಆಗಿದ್ರೆ ಕೆಲಸ ಮುಗಿಸಿ ಮನೆಗೆ ಹೋಗಿ ಊಟ ಮಾಡಿ ಮಲಗ್ತಿದ್ದೆ. ನನಗೆ ಊಟ ಸೇರ್ತಿರ್ಲಿಲ್ಲ ರೀ. ನಿಮ್ಮನ್ನ ಪೇಷಂಟ್ ಅಂತ ನೋಡೋಕೆ ನನ್ನಿಂದ ಆಗ್ಲಿಲ್ಲ. ಅದಕ್ಕೇ ಫೈಲ್ ಕೊಟ್ಟೆ."

ಅವನು ಅವಳ ಕಡೆ ತಿರುಗಿದ.

"ದಿನಕ್ಕೆ ಆರು ಸಲ ಈ ಕೆಲಸ, ಮೆಹಜಬೀನ್. ನಿಕಾಹ್ ಆದ್ರೂ ತಪ್ಪಲ್ಲ. ಸಾಯೋತನಕ ಐತೆ."

"ಆರು ಸಲಾನೂ ನೀವೇ ಮಾಡ್ಕೊಂತೀರಿ. ನಾನು ಕೈ ಹಾಕಲ್ಲ."

"ಮತ್ತೆ ನೀವೇನು ಮಾಡ್ತೀರಿ?"

"ಹೊರಗೆ ಅಮ್ಮಿ ಜೊತೆ ಕೂತು ನಿಮ್ಮ ಮೇಲೆ ಚಾಡಿ ಹೇಳ್ತಿರ್ತೀನಿ."

"ಏನಂತ?"

"ಒಳಗೆ ಹೋದ್ರೆ ಬೇಗ ಬರಲ್ಲ, ನನ್ನ ಕಾಯಿಸ್ತಾರೆ ಅಂತ."