ಸನೋಬರಳ ಲೈಸೆನ್ಸ್ ಚೀಲ

ಸೋಮವಾರ ಬೆಳಿಗ್ಗೆ ಹತ್ತಕ್ಕೆ ದಾವಣಗೆರೆಯ ಠಾಣೆಗೆ ದೂರು ಬಂತು. ಊರಿನ ಆನೆಕೊಂಡ ಬಡಾವಣೆಯ ಬಡಗಿ ಜಮಾಲ್ ಸಾಬ್ ಮನೆಯಲ್ಲಿ ಕಳವಾಗಿತ್ತು. ಬೀರುವಿನಲ್ಲಿದ್ದ ಬಂಗಾರ ಹಾಗೇ ಇತ್ತು. ಅದರ ಪಕ್ಕದಲ್ಲೇ ಇಟ್ಟಿದ್ದ ಮಗಳು ಸನೋಬರಳ ಚೀಲವೊಂದೇ ಹೋಗಿತ್ತು.

"ಏನಿತ್ತಮ್ಮ ಅದ್ರಾಗೆ?" ಇನ್‌ಸ್ಪೆಕ್ಟರ್ ಬಿಂದು ಕೇಳಿದರು.

"ದಕ್ಷಿಣ ಆಫ್ರಿಕಾದಾಗೆ ತಗೊಂಡ ಪೈಲಟ್ ಲೈಸೆನ್ಸು, ಹಾರಿದ ತಾಸಿನ ಲೆಕ್ಕ ಬರ್ದಿರೋ ಲಾಗ್‌ಬುಕ್ಕು ಮೇಡಂ. ಆ ಲೈಸೆನ್ಸ್ ಇಲ್ಲಿ ನಡೆಯಂಗಿಲ್ಲ, ಇಲ್ಲಿನ ಲೈಸೆನ್ಸಿಗೆ ಬದಲಿಸ್ಕೋಬೇಕು. ಬರೆಯೋ ಪರೀಕ್ಷೆ ಪಾಸಾಗೈತೆ. ಗುರುವಾರ ವಿಮಾನ ಹಾರ್ಸಿ ತೋರಿಸ್ಬೇಕು. ಅಸಲು ಕಾಗದ ಇಲ್ದೆ ಕೂರ್ಸಲ್ಲ."

ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನ ಮನೆಯಲ್ಲಿ ಪಂಚನಾಮೆ ನಡೆಯಿತು. ಬೀರುವಿನ ಬೀಗ ಮುರಿದಿರಲಿಲ್ಲ.

"ಕೀಲಿ ಎಲ್ಲಿಡ್ತಿದ್ರಿ?"

"ಗಡಿಯಾರದ ಹಿಂದೆ," ಎಂದರು ತಾಯಿ ನಸೀಮಾ.

"ನಿನ್ನೆ ಹೊರಗಿನೋರು ಯಾರು ಬಂದಿದ್ರು?"

"ಯಾರಿಲ್ರೀ. ಹರಿಹರದ ಕೆಂಚವೀರಪ್ಪಣ್ಣ ಬಂದಿದ್ರು. ಅವರು ಹೊರಗಿನೋರಲ್ಲ."

ಕೆಂಚವೀರಪ್ಪನ ಮಗ ಹರೀಶ ಸನೋಬರಳ ಸಹಪಾಠಿ. ಇಬ್ಬರೂ ಒಟ್ಟಿಗೇ ವಿಮಾನ ಹಾರಿಸುವುದನ್ನು ಕಲಿಯಲು ದಕ್ಷಿಣ ಆಫ್ರಿಕಾಕ್ಕೆ ಹೋಗಿದ್ದರು. ಕಳೆದ ವರ್ಷ ಅಲ್ಲೇ ತರಬೇತಿಯ ವಿಮಾನ ಬಿದ್ದು ಹರೀಶ ತೀರಿಕೊಂಡ. ನಸೀಮಾ ಇದನ್ನು ಹೇಳುವಾಗ ಸನೋಬರ್ ಎದ್ದು ಅಡುಗೆಮನೆಗೆ ಹೋದಳು.

ಕಾನ್‌ಸ್ಟೇಬಲ್ ನಿಂಗರಾಜ್ ಬಸ್‌ಸ್ಟಾಪಿನೆದುರಿನ ಬೇಕರಿಯ ಸಿಸಿಟಿವಿ ನೋಡಿ ಬಂದ. "ಮೇಡಂ, ಆ ಕೆಂಚವೀರಪ್ಪ ಯಜಮಾನ್ರು ನಿನ್ನೆ ಹರಿಹರದ ಬಸ್ ಹತ್ತಿದಾರೆ. ಕಂಕುಳಾಗೆ ಚೀಲ ಐತೆ." ಇದು ಸುಳ್ಳಾಗಬಾರದೇ ಎಂದು ಬಿಂದುವಿಗೆ ಅನ್ನಿಸಿತು.

ಮಂಗಳವಾರ ಹರಿಹರದಲ್ಲಿ ಕೆಂಚವೀರಪ್ಪನೇ ಬಾಗಿಲು ತೆರೆದ.

"ಬರ್ರಿ, ಕೂಡ್ರಿ."

"ಚೀಲ ಎಲ್ಲೈತ್ರಿ?"

ಅವನು ಒಳಗಿಂದ ತಂದುಕೊಟ್ಟ. "ಹೊಳೆಗೆ ಹಾಕಾಕೆ ಹೋಗಿದ್ದೆ. ಕೈ ಬರ್ಲಿಲ್ಲ."

ಪಂಚರ ಮುಂದೆ ಚೀಲವನ್ನು ಜಪ್ತಿ ಮಾಡಿ ಅವನನ್ನು ಬಂಧಿಸಿದರು. ಠಾಣೆಯಲ್ಲಿ ಜಮಾಲ್ ಸಾಬ್ ಕೈಮುಗಿದರು. "ಕೇಸ್ ಬ್ಯಾಡ ಮೇಡಂ."

"ಎಫ್‌ಐಆರ್ ಆಗೈತ್ರಿ. ಅದನ್ನ ಕೋರ್ಟಿನಾಗೆ ಹೇಳ್ರಿ."

ಜಪ್ತಿಯಾದ ಚೀಲ ನ್ಯಾಯಾಲಯದ ಅನುಮತಿಯಿಲ್ಲದೆ ಹುಡುಗಿಯ ಕೈಸೇರುವಂತಿರಲಿಲ್ಲ. ಬುಧವಾರ ಬಿಂದು ತಾವೇ ಕೋರ್ಟಿಗೆ ಹೋಗಿ, ಸನೋಬರಳ ವಕೀಲರ ಅರ್ಜಿಗೆ ತಮ್ಮ ಆಕ್ಷೇಪವಿಲ್ಲವೆಂದು ಹೇಳಿ ಅದನ್ನು ಬಿಡಿಸಿದರು. ಅಲ್ಲೇ ವರಾಂಡದಲ್ಲಿ ಕೆಂಚವೀರಪ್ಪ ಜಾಮೀನಿಗೆ ಕಾಯುತ್ತಿದ್ದ.

"ಯಾಕ ಹಿಂಗೆ ಮಾಡಿದ್ರಿ?" ಬಿಂದು ಕೇಳಿದರು.

"ಹುಡುಗಿನ್ನ ದೂರ ಕಳಿಸಾಕೆ ಜಮಾಲಣ್ಣ ಒಲ್ಲೆ ಅಂದಿದ್ದ. ನಮ್ಮ ಹರೀಶ ಜೊತೆಗಿರ್ತಾನೆ ಅಂತ ಒಪ್ಸಿದೋನು ನಾನು. ನನ್ನ ಮಗ ಹೋದ. ಇವಳಿಗೂ ಏನಾರ ಆದ್ರೆ ನಸೀಮಮ್ಮನಿಗೆ ಹೆಂಗೆ ಮುಖ ತೋರಿಸ್ಲಿ?"

ಸನೋಬರ್ ಬಂದು ಅವನ ಪಕ್ಕ ಕೂತಳು. "ನನಗೂ ಹೆದ್ರಿಕೆ ಐತೆ ಕಾಕಾ. ಆದ್ರೂ ಹೋಗ್ತೀನಿ."

ಅವನು ಅವಳ ತಲೆಯ ಮೇಲೆ ಕೈಯಿಟ್ಟ.

"ಇಳಿದ ಕೂಡ್ಲೇ ನಿಮ್ಮಮ್ಮಗೆ ಫೋನ್ ಮಾಡು. ಆಮೇಲೆ ನನಗೂ ಮಾಡವ್ವ."