ಸೂಜಿಮಲ್ಲಿಗೆಯ ಬ್ಯಾಗು

"ಏನ್ ಮಾಸ್ಟ್ರೇ, ಬೆಳಬೆಳಿಗ್ಗೆನೇ ಏರಿಸ್ಕೊಂಡು ಬಂದಿದ್ದೀರಾ?"

ಅವಳು ತಮಾಷೆಗೆ ಕೇಳಿರಲಿಲ್ಲ. ಕೈಯಲ್ಲಿದ್ದ ಬ್ಯಾಗಿನ ಎರಡು ಹೋಳುಗಳು ಒಂದಕ್ಕೊಂದು ಕೂಡುತ್ತಿರಲಿಲ್ಲ. ಅಂಚು ಹಾವು ಹರಿದ ಹಾಗೆ ಡೊಂಕು. ಆ ಬ್ಯಾಗು ಕಾರ್ಖಾನೆಯ ಕಟಿಂಗ್ ಮಾಸ್ಟರ್ ಅವನು. ಅವನು ಕತ್ತರಿಸಿದ್ದನ್ನು ಹೊಲಿಯುವವಳು ಅವಳು. ವರ್ಷಗಳಿಂದ ಇಬ್ಬರ ಮೇಜೂ ಎದುರುಬದುರು. ಅವನ ಕತ್ತರಿ ನೂಲೆಳೆಯಷ್ಟೂ ದಾರಿ ತಪ್ಪಿದ್ದನ್ನು ಅವಳು ಕಂಡಿರಲಿಲ್ಲ.

"ಸೂಜಿಮಲ್ಲಿಗೆ, ನಿನ್ನ ಮುಖ ನೋಡಿ ತಲೆ ತಿರುಗಿರ್ಬೇಕು," ಎಂದು ನಕ್ಕ.

ಆ ಹೆಸರು ಅವನೇ ಇಟ್ಟದ್ದು. ಘಮ ಅನ್ನುವಷ್ಟರಲ್ಲಿ ಚುಚ್ಚುತ್ತಾಳೆ ಎಂದು. ಎಂದಿನಂತೆ ಅವಳ ಕೆನ್ನೆ ಬಿಸಿಯಾಯಿತು. ಎಂದಿನಂತೆ ಮೂತಿ ತಿರುವಿದಳು. ತಿರುವುವಾಗಲೇ ಕಂಡಿತು: ಮೇಜಿನ ಕೆಳಗೆ ಅವನ ಎಡಗೈ ಬಲಗೈಯನ್ನು ಅದುಮಿ ಹಿಡಿದಿತ್ತು. ಆದರೂ ಅದು ನಡುಗುತ್ತಿತ್ತು.

ಅವಳು ಆ ಹೋಳುಗಳನ್ನು ತನ್ನ ಮೇಜಿನ ಖಾನೆಯೊಳಗೆ ತುರುಕಿದಳು.

ಮರುದಿನದಿಂದ ಅವನು ಕೊಟ್ಟ ಹೋಳುಗಳನ್ನು ಮಡಿಲಲ್ಲಿಟ್ಟುಕೊಂಡು, ಯಾರ ಕಣ್ಣಿಗೂ ಬೀಳದಂತೆ ಅಂಚು ಸರಿಮಾಡಿ ಹೊಲಿಯತೊಡಗಿದಳು. ಊಟದ ಬಿಡುವೂ ಅದಕ್ಕೇ ಹೋಯಿತು. ಕೊನೆಗೊಂದು ಮಧ್ಯಾಹ್ನ ಅವನು ಎದುರಿಗೆ ಬಂದು ನಿಂತ.

"ಇನ್ನೂ ಎಷ್ಟು ದಿನ ಅಂತ ನನ್ನ ತಪ್ಪು ಮುಚ್ತೀಯ?"

"ನಿಮಗೇನಾಗಿದೆ, ಅದನ್ನ ಹೇಳಿ."

"ನಡುಕದ ಕಾಯಿಲೆ. ಮಾತ್ರೆಗೂ ಬಗ್ತಿಲ್ಲ. ಇವತ್ತು ಓನರ್‌ಗೆ ಹೇಳ್ಬಿಟ್ಟೆ. ಮುಂದಿನ ವಾರ ಅಕ್ಕನ ಊರಿಗೆ ಹೊರಡ್ತೀನಿ."

ಅವಳು ನೂಲು ಕಡಿಯುವ ನೆಪದಲ್ಲಿ ತಲೆ ತಗ್ಗಿಸಿದಳು. ತಲೆಯೆತ್ತದೆಯೇ ಹೇಳಿದಳು, "ಹಾಗಾದ್ರೆ ಹೋಗೋ ಮುಂಚೆ ನನಗೊಂದು ಬ್ಯಾಗಿನ ಪ್ಯಾಟರ್ನ್ ಕಾಗದದಲ್ಲಿ ಕತ್ತರಿಸ್ಕೊಡಿ. ಊರಿಗೆಲ್ಲ ಹೊಲಿದುಕೊಟ್ಟು ನಾನು ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಓಡಾಡ್ತೀನಿ."

"ಈ ಕೈಲಾ?"

"ಆ ಕೈಲೇ. ಭಾನುವಾರ ಮನೆಗೆ ಬನ್ನಿ."

ಬಂದ. ಅವಳ ಅಮ್ಮ ಬಾಗಿಲಲ್ಲೇ ಅಡಿಯಿಂದ ಮುಡಿಯವರೆಗೆ ನೋಡಿ, "ಇವರೇನಾ ನಿನ್ನ ಮಾಸ್ಟ್ರು? ನೀನು ಹೇಳಿದ್ದಕ್ಕಿಂತ ಸ್ವಲ್ಪ ಬಡಕಲು," ಎಂದು ಟೀ ಇಡಲು ಒಳಗೆ ಹೋದಳು. ಮಗಳು ನಾಚಿ ಹಿಡಿಯಷ್ಟಾದಳು.

ಊಟದ ಮೇಜಿನ ಮೇಲೆ ಕಂದು ಕಾಗದ ಹರಡಿದರು.

"ಒಳಗೆ ಏನೇನು ಇಟ್ಕೊಳ್ತೀಯ?"

"ಡಬ್ಬಿ, ಕನ್ನಡಕ, ಮಡಚೋ ಛತ್ರಿ."

"ಹಾಗಾದ್ರೆ ತಳ ಅಗಲ ಬೇಕು, ಡಬ್ಬಿ ಮಗುಚಬಾರದು. ಬಾಯಿ ಸಣ್ಣದಿರಲಿ."

"ಬ್ಯಾಗಿಗಾ, ನನಗಾ?"

"ನಿನ್ನ ಬಾಯಿ ಸಣ್ಣ ಮಾಡೋ ಪ್ಯಾಟರ್ನ್ ಇನ್ನೂ ಹುಟ್ಟಿಲ್ಲ."

ಡಬ್ಬಿಯನ್ನು ಕಾಗದದ ಮೇಲಿಟ್ಟು ಸುತ್ತ ಅವಳಿಂದ ಗುರುತು ಮಾಡಿಸಿದ. ಹೊಲಿಗೆಗೆಂದು ಒಂದು ಬೆರಳಗಲ ಜಾಗ ಬಿಡಿಸಿದ. ಕಾಗದ ಮಡಿಸಿ ಕತ್ತರಿಯನ್ನು ಅವಳ ಕಡೆ ಸರಿಸಿದರೆ, ಅವಳು ಅದನ್ನು ಅವನ ಕಡೆಗೇ ತಳ್ಳಿದಳು. ಅವನು ಹಲ್ಲುಕಚ್ಚಿ ಕತ್ತರಿಸಿದ. ಮಡಿಕೆ ಬಿಚ್ಚಿದಾಗ ಅಂಚೆಲ್ಲ ಅಲೆಯಲೆ. ಮುದ್ದೆ ಮಾಡಿ ಎಸೆಯಹೊರಟವನ ಕೈಯನ್ನು ಹಿಡಿದುಕೊಂಡಳು.

"ಬಿಡು, ಇನ್ನೊಂದು ನೀನೇ ಕತ್ತರಿಸ್ಕೊ."

"ಇದೇ ಬೇಕು. ಎರಡೂ ಕಡೆ ಒಂದೇ ಸಮ ಡೊಂಕಿದೆ ನೋಡಿ. ಜೋಡಿ ಸರಿಯಾಗೇ ಇದೆ."

"ಜನ ನಗ್ತಾರೆ."

"ನಗ್ಲಿ. ಹೊರೋಳು ನಾನು ತಾನೆ?"

ಅವಳು ಹಿಡಿದ ಕೈ ಬಿಟ್ಟಿರಲಿಲ್ಲ. ಅದರ ನಡುಕ ಅವಳ ಮೊಣಕೈವರೆಗೂ ಬರುತ್ತಿತ್ತು.

"ನೀನು ಹೇಳ್ತಿರೋದು ಬ್ಯಾಗಿನ ಮಾತಲ್ಲ."

"ಅಲ್ಲ. ಹೋಗ್ಬೇಡಿ ಮಾಸ್ಟ್ರೇ. ಇಲ್ಲೇ ಇರಿ, ನಮ್ಮ ಜೊತೆ."

"ಅಪ್ಪನಿಗೂ ಇದೇ ಇತ್ತು," ಎಂದ ಅವನು ಮೆಲ್ಲಗೆ. "ಅಮ್ಮ ಅವರಿಗೆ ತುತ್ತು ತಿನ್ನಿಸಿ, ಎಬ್ಬಿಸಿ, ಕೂರಿಸಿ, ನಾನು ನೋಡ್ತಾ ನೋಡ್ತಾನೇ ಸವೆದುಹೋದ್ಲು. ಅವಳು ಒಂದಿನಾನೂ ಗೊಣಗಲಿಲ್ಲ. ಅದೇ ನನಗೆ ತಡೆಯೋಕಾಗಲ್ಲ. ನಿನ್ನನ್ನ ಹಾಗೆ ನೋಡೋ ಶಕ್ತಿ ನನಗಿಲ್ಲ."

"ನನಗೆ ಬೇಕೋ ಬೇಡ್ವೋ ಅಂತ ನೀವೇ ತೀರ್ಮಾನ ಮಾಡ್ಬಿಟ್ರಾ?"

ಅಮ್ಮ ತಂದಿಟ್ಟ ಟೀಯನ್ನು ಇಬ್ಬರೂ ಮುಟ್ಟಲಿಲ್ಲ.

ಅವನು ಹೊರಡುವ ದಿನ ಅವಳು ಅದೇ ಡೊಂಕು ಅಂಚಿನ, ನೀಲಿ ಕ್ಯಾನ್ವಾಸಿನ ಹೊಸ ಬ್ಯಾಗು ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಹೋದಳು. ಅವನು ಬ್ಯಾಗನ್ನು ನೋಡಿದ, ಅವಳನ್ನು ನೋಡಿದ, ಮತ್ತೆ ಬ್ಯಾಗನ್ನು ನೋಡಿದ. ಅವನ ಶರಟಿನ ತೋಳಿನ ಗುಂಡಿ ಬಿಚ್ಚಿಕೊಂಡಿತ್ತು. ಅಷ್ಟು ಜನರ ನಡುವೆ ಅವಳು ಅದನ್ನು ಹಾಕಿದಳು, ಬೇಕೆಂದೇ ನಿಧಾನವಾಗಿ.

"ನೀನಂದ್ರೆ ನನಗೆ ಪ್ರಾಣ," ಎಂದ. "ಕೈ ಗಟ್ಟಿಯಿದ್ದಾಗ ಹೇಳ್ಬೇಕಿತ್ತು."

"ಈಗ ಹೇಳಿದ್ರೂ ಕೇಳಿಸ್ತು."

ಬಸ್ಸು ಹೊರಟಿತು. ಕಿಟಕಿಯಲ್ಲಿ ಅವನು ತಿರುಗಿ ನೋಡಲಿಲ್ಲ. ನೋಡಿದರೆ ಇಳಿದುಬಿಡುತ್ತಾನೆಂದು ಅವಳಿಗೂ ಗೊತ್ತಿತ್ತು.

ಮನೆಯಲ್ಲಿ ಅಮ್ಮ ಬಟ್ಟೆ ಮಡಚುತ್ತ ಕೂತಿದ್ದಳು.

"ಹೋದ್ರಾ?"

"ಹ್ಞೂಂ."

"ತಡೀಲಿಲ್ವೇನೇ?"

"ತಡೆದೆ ಅಮ್ಮಾ..."

ಅಷ್ಟು ಹೇಳುವಷ್ಟರಲ್ಲಿ ಅವಳ ದುಃಖದ ಕಟ್ಟೆಯೊಡೆಯಿತು. ಅಮ್ಮ ಮಡಚಿಟ್ಟ ಬಟ್ಟೆಗಳನ್ನೆಲ್ಲ ಅತ್ತ ತಳ್ಳಿ, ಮಗಳ ತಲೆಗೆ ಮಡಿಲಲ್ಲಿ ಜಾಗ ಮಾಡಿಕೊಟ್ಟಳು.